ಕುಡಿಯದವರ ಪಟ್ಟಿ

ನಮ್ಮೂರಿನ ಗಂಡಸು ಹೆಂಡತಿಗೆ ಒಂದು ಸುಳ್ಳು ಹೇಳಬೇಕೆಂದರೆ ಅವಳನ್ನು ಮೊದಲು ಹಿಟ್ಟಿನ ಗಿರಣಿಗೆ ಕರೆದುಕೊಂಡು ಬರಬೇಕು. ಬೇರೆ ಎಲ್ಲಿ ನಿಂತು ಹೇಳಿದರೂ ಅವನ ಎದೆಯೇ ಅವನನ್ನು ಹಿಡಿದುಕೊಡುತ್ತದೆ. ನಮ್ಮಲ್ಲಿ ಎಲ್ಲರ ಎದೆಬಡಿತವೂ ಹನ್ನೆರಡು ಹೆಜ್ಜೆ ದೂರದವರೆಗೆ, ಯಾರೋ ಬಾಗಿಲು ತಟ್ಟಿದಷ್ಟು ಸ್ಪಷ್ಟವಾಗಿ ಕೇಳುತ್ತದೆ. ಆ ಗಿರಣಿಯ ಮಾಲೀಕ ನಾನು, ಮಾಂತಪ್ಪ. ಸುಳ್ಳು ಹೇಳಲು ಇಷ್ಟು ಅನುಕೂಲವಿದ್ದ ಮನುಷ್ಯ ಈ ಊರಲ್ಲಿ ನಾನೊಬ್ಬನೇ. ಹಾಗಿದ್ದೂ ಸಿಕ್ಕಿಬಿದ್ದೆನೆಂದರೆ ನನ್ನ ಜಾಣತನ ಎಷ್ಟಿರಬಹುದು, ನೀವೇ ಅಂದಾಜು ಮಾಡಿಕೊಳ್ಳಿ.

ಹುಟ್ಟಿದಾಗಿನಿಂದ ಕೇಳಿಕೊಂಡೇ ಬೆಳೆದವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ನಮ್ಮ ಮಕ್ಕಳು ಕಣ್ಣಾಮುಚ್ಚಾಲೆ ಆಡುವುದಿಲ್ಲ, ಆಡಿ ಏನು ಪ್ರಯೋಜನ? ಟಾಕೀಸಿನಲ್ಲಿ ದೆವ್ವದ ಸಿನಿಮಾ ಬಂದರೆ ದೆವ್ವ ಬರುವ ಭಾಗವನ್ನು ಎರಡು ಸಲ ತೋರಿಸುತ್ತಾರೆ, ಏಕೆಂದರೆ ಮೊದಲ ಸಲ ಜನರ ಎದೆ ಸದ್ದಿನಲ್ಲಿ ದೆವ್ವ ಏನು ಮಾತಾಡಿತೆಂದೇ ಗೊತ್ತಾಗುವುದಿಲ್ಲ. ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ತಿಂದು, ಚಹಾ ಕುಡಿದು, ಆಮೇಲೆ ಐದು ನಿಮಿಷ ಸುಮ್ಮನೆ ಕೂತು ಇಬ್ಬರ ಎದೆಯನ್ನೂ ಕೇಳಿಯೇ ಏಳುತ್ತಾರೆ. ಬೀದಿಯಲ್ಲಿ ಎದುರಾದವರನ್ನು ಯಾರೂ "ಆರಾಮೇನ್ರಿ" ಎಂದು ಕೇಳುವುದಿಲ್ಲ, ಕೇಳಿದರೆ ಇವನಿಗೆ ಕಿವಿ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕಟ್ಟುನಿಟ್ಟು ಅಂತ ಇರುವುದು ಒಂದೇ. ಯಾರ ಎದೆಯಾದರೂ ತೀರ ಎಡವಿದ್ದು ಕಿವಿಗೆ ಬಿದ್ದರೆ, ಕೇಳಿದವನು "ತಪ್ಪೇತಿ!" ಎಂದು ಗಂಟಲು ಹರಿಯುವಂತೆ ಕೂಗಬೇಕು. ಆ ಕೂಗು ಕೇಳಿದವರು ಕೈಯಲ್ಲಿದ್ದದ್ದನ್ನು ಅಲ್ಲಿಯೇ ಬಿಟ್ಟು ಓಡಿ ಬರಬೇಕು. ಹಂಚಿನ ಮೇಲಿನ ರೊಟ್ಟಿ ಕರಕಾದರೂ ಆವತ್ತು ಯಾರೂ ಬೈಯುವುದಿಲ್ಲ. ನಮ್ಮೂರಲ್ಲಿ ಎದೆ ನಿಂತು ಸತ್ತವರಿದ್ದಾರೆ, ಆದರೆ ಒಬ್ಬಂಟಿಯಾಗಿ ಸತ್ತವರಿಲ್ಲ.

ಗಿರಣಿಯ ಸದ್ದಿನಲ್ಲಿ ಯಾರ ಎದೆಯೂ ಕೇಳುವುದಿಲ್ಲವೆಂದು ಹಿರಿಯರು ಅದನ್ನು ಊರ ಹೊರಗೆ ಹಾಕಿಸಿದರು. ಅವರು ಬಹಳ ಯೋಚನೆ ಮಾಡಿ ಹಾಗೆ ಮಾಡಿದ್ದರು. ನಾನು ಮತ್ತು ನನ್ನಂಥ ನಾಲ್ಕೈದು ಮಂದಿ ಅದಕ್ಕಿಂತ ಹೆಚ್ಚು ಯೋಚನೆ ಮಾಡಿದೆವು. ಕುಡಿದವನ ಎದೆ ಮೊದಲು ಓಡುತ್ತದೆ, ಆಮೇಲೆ ಮುಗ್ಗರಿಸುತ್ತದೆ. ಯಾರು ಎಷ್ಟು ಹಾಕಿಕೊಂಡು ಬಂದಿದ್ದಾರೆಂದು ಓಣಿಯ ಹೆಂಗಸರು ಅಂಗಳ ಗುಡಿಸುತ್ತಲೇ ಹೇಳಿಬಿಡುತ್ತಾರೆ. ಹಾಗಾಗಿ ಸಂಜೆಯಾದರೆ ಈ ಮಂದಿ ಗೋಧಿ ಚೀಲ ಹೊತ್ತ ನೆಪದಲ್ಲಿ ನನ್ನ ಗಿರಣಿಗೆ ಬರುವುದು, ಸದ್ದಿನಲ್ಲಿ ಕುಡಿಯುವುದು, ಸದ್ದಿನಲ್ಲೇ ಅಮಲು ಇಳಿಸಿಕೊಂಡು ಮನೆಗೆ ಹೋಗುವುದು. ಬೀಸಲು ಒಂದು ಕಾಳೂ ಇಲ್ಲದ ದಿನ ನಾನು ಬರೀ ಕಲ್ಲು ತಿರುಗಿಸುತ್ತಿದ್ದೆ. ನಮ್ಮ ಕಲ್ಲು ಸವೆದಷ್ಟು ಬೇರೆ ಯಾವ ಊರಿನ ಗಿರಣಿಯ ಕಲ್ಲೂ ಸವೆದಿರಲಿಕ್ಕಿಲ್ಲ.

ಇಷ್ಟಾದರೂ ಮನೆಯಲ್ಲಿ ನೀಲವ್ವ ಇದ್ದಳು. ಇಪ್ಪತ್ತೆಂಟು ವರ್ಷ ನನ್ನ ಎದೆಯ ಪಕ್ಕದಲ್ಲಿ ಮಲಗಿದವಳು. ಒಂದು ಮುಂಜಾನೆ ನನ್ನ ತಟ್ಟೆಗೆ ರೊಟ್ಟಿ ಹಾಕುತ್ತ, ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎನ್ನುವ ದನಿಯಲ್ಲಿ ಹೇಳಿದಳು:

"ಇಪ್ಪತ್ತಕ್ಕೊಂದು ತಪ್ಪಾಕತ್ತೈತ್ರಿ ನಿಮ್ಮದು."

"ಏನ್ ತಪ್ಪಾಕತ್ತೈತಿ?"

"ಎದಿ. ಯುಗಾದಿಗೆ ನಲವತ್ತಕ್ಕೊಂದು ತಪ್ಪತಿತ್ತು. ಕುಡಿಯೋದು ಬಿಡ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ದಿನಾ ಎರಡು ಗ್ಲಾಸು ಕುಡಿಯುವವನನ್ನು ಕುಡುಕ ಎನ್ನುವುದೇ? ಸ್ವಲ್ಪ ಕುಡಿದರೆ ಎದೆಗೆ ಒಳ್ಳೆಯದೆಂದು ಎಲ್ಲೋ ಓದಿದ್ದೆ, ಎಲ್ಲಿ ಅಂತ ನೆನಪಿರಲಿಲ್ಲ. ಸಾಲೆಯಲ್ಲಿ ಗಣಿತಕ್ಕೆ ನಾನೇ ಮೊದಲಿಗ. ಹೆಂಡತಿ ಬೆರಳು ಮಡಚಿ ಎಣಿಸಿದ್ದನ್ನು ಕೇಳಿಕೊಂಡು ಸುಮ್ಮನಿರಲು ನಾನೇನು ದಡ್ಡನೆ? ಇರಲಿ, ಇಡೀ ಊರಿನ ಎದೆ ಕೇಳಿ, ಲೆಕ್ಕ ಮಾಡಿ, ಬರಹದಲ್ಲೇ ತೋರಿಸುತ್ತೇನೆ ಎಂದುಕೊಂಡೆ.

ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಂಡೆ. ಹತ್ತು ದಿನ, ಮುಂಜಾನೆ ಆರರಿಂದ ಒಂಬತ್ತರವರೆಗೆ ಓಣಿ ಓಣಿ ತಿರುಗಿದೆ. ನಲವತ್ತು ದಾಟಿದವರ ಮನೆ ಕಟ್ಟೆಯ ಮೇಲೆ ಕೂತು, ಗಡಿಯಾರ ನೋಡುತ್ತ ಎರಡು ನಿಮಿಷ ಎದೆ ಎಣಿಸುವುದು. ಆಮೇಲೆ ಒಂದೇ ಪ್ರಶ್ನೆ: "ಕುಡೀತೀರೇನು?" ಇಲ್ಲ ಎಂದವರು ಒಂದು ಪಟ್ಟಿ, ಒಂದೆರಡು ಗ್ಲಾಸಿನವರು ಇನ್ನೊಂದು, ಬಾಟ್ಲಿಗಟ್ಟಲೆ ಇಳಿಸುವವರು ಮೂರನೆಯದು. ಸುಳ್ಳು ಹೇಳಿದವರ ಎದೆ ಅಲ್ಲಿಯೇ ಓಡಲು ಶುರುಮಾಡುತ್ತಿತ್ತು, ನಾನು ಕತ್ತೆತ್ತಿ ನೋಡಿದರೆ ಸಾಕು, ನಿಜ ಹೊರಗೆ ಬರುತ್ತಿತ್ತು. ಮೂರು ಪಟ್ಟಿಯಲ್ಲೂ ಒಂದೇ ಒಂದು ಸುಳ್ಳಿಲ್ಲ. ಹೊರಗಿನ ಊರಿನ ಯಾವ ಪಂಡಿತನಿಗೆ ಇಂಥ ಅವಕಾಶ ಸಿಕ್ಕೀತು ಹೇಳಿ.

ಒಟ್ಟು ನೂರಾ ಹದಿನೆಂಟು ಮಂದಿ. ಬಾಟ್ಲಿಗಟ್ಟಲೆಯವರ ಎದೆ ಹಾಳಾಗಿತ್ತು, ಅದನ್ನು ಬಿಡಿ, ಅದು ಗೊತ್ತಿದ್ದದ್ದೇ. ಆದರೆ ಒಂದೆರಡು ಗ್ಲಾಸಿನವರ ಎದೆ ಏನು ಚಂದ ಬಡಿಯುತ್ತಿತ್ತು! ಏನೂ ಕುಡಿಯದವರದ್ದು ಅದಕ್ಕಿಂತ ಎಷ್ಟೋ ಕೆಟ್ಟದಾಗಿತ್ತು. ಮೂರು ಸಲ ಕೂಡಿಸಿ, ಭಾಗಿಸಿ ನೋಡಿದೆ. ಮೂರು ಸಲವೂ ಅದೇ ಉತ್ತರ. ಆ ದಿನ ಗಿರಣಿಯಲ್ಲಿ ನಾನು ಗೋಧಿ ಚೀಲದ ಮೇಲೆ ನಿಂತು, ಕಲ್ಲಿನ ಸದ್ದಿಗೂ ಮೀರಿ ಕೂಗಿ, ನೋಟ್‌ಬುಕ್ ಓದಿದೆ. ಗೆಳೆಯರು ಶಿಳ್ಳೆ ಹೊಡೆದರು. ನಾನು ಮೀಸೆ ತಿರುವಿದೆ. ಮೀಸೆಗೆ ಹಿಟ್ಟು ಮೆತ್ತಿತ್ತೆಂದು ಮನೆಗೆ ಬಂದು ಕನ್ನಡಿ ನೋಡಿದಾಗಲೇ ಗೊತ್ತಾದದ್ದು.

ಇಲ್ಲಿಗೇ ಮುಗಿದಿದ್ದರೆ ನಾನೊಬ್ಬ ಹುಂಬ, ಅಷ್ಟೇ ಆಗುತ್ತಿತ್ತು. ಆದರೆ ಫಕೀರಪ್ಪ ಇದ್ದ.

ಫಕೀರಪ್ಪ ಟೇಲರ್. ಒಂದನೇ ಇಯತ್ತೆಯಿಂದ ನನ್ನ ಪಕ್ಕದಲ್ಲೇ ಕೂತು, ನನ್ನ ಪಾಟಿ ನೋಡಿಯೇ ಗಣಿತ ಬರೆದು ಪಾಸಾದವನು. ದೊಡ್ಡವರಾದ ಮೇಲೆ ಇಬ್ಬರೂ ಕೂಡಿಯೇ ಕುಡಿಯಲು ಕಲಿತೆವು, ಅದರಲ್ಲಿ ಅವನು ನನಗಿಂತ ಮುಂದೆ ಹೋದ. ಎರಡು ವರ್ಷದ ಹಿಂದೆ ಅವನ ಎದೆ ಸಂತೆಯಲ್ಲಿ ಎಡವಿ, ಜನ ಕೂಗಿ, ಊರಿನ ಲೇಡಿ ಡಾಕ್ಟರ್ ಬಾಯಾರು ಉಳಿಸಿಕೊಂಡಿದ್ದರು. ಅಂದಿನಿಂದ ಒಂದು ಹನಿಯನ್ನೂ ಮುಟ್ಟಿರಲಿಲ್ಲ. ಸಂಜೆ ಗಿರಣಿಗೆ ಬಂದು, ನಾವು ಕುಡಿಯುವುದನ್ನು ನೋಡುತ್ತ ಶೇಂಗಾ ತಿಂದು ಹೋಗುತ್ತಿದ್ದ. ಅವನ ಹೆಂಡತಿ ಕಾಶವ್ವ ಅದಕ್ಕೂ ಬೇಡ ಅಂದಿರಲಿಲ್ಲ. "ಮಾಂತಣ್ಣಾರ ಹತ್ರ ಇದ್ರ ನನಗ ಚಿಂತಿ ಇಲ್ಲ" ಎಂದು ನನ್ನ ಮುಂದೆಯೇ ಹೇಳಿದ್ದಳು.

ನೋಟ್‌ಬುಕ್ ಓದಿದ ಮರುದಿನ ಫಕೀರಪ್ಪ ನನ್ನ ಕಿವಿಗೆ ಬಾಯಿಟ್ಟು ಕೇಳಿದ, "ಮಾಂತ್ಯಾ, ಅಂದ್ರ ನಾ ಬಿಟ್ಟಿದ್ದು ತಪ್ಪೇನಲೇ?"

ನಾನು ಡಾಕ್ಟರನಲ್ಲ, ನನಗೇನು ಗೊತ್ತು ಎನ್ನಬಹುದಿತ್ತು. ಹಿಟ್ಟು ಬೀಸುವವನು ಹಾಗೆ ಹೇಳಿದರೆ ಯಾರೂ ನಗುತ್ತಿರಲಿಲ್ಲ. ನಾನು ಹಾಳೆ ತಿರುವಿ, ಬೆರಳಿಟ್ಟು ತೋರಿಸಿದೆ. "ನೋಡು, ಲೆಕ್ಕ ಕಣ್ಮುಂದ ಐತಿ. ಕುಡಿಯದವರ ಎದಿ ಇಷ್ಟು, ಒಂದೀಟು ಕುಡಿಯೋರ್ದು ಇಷ್ಟು. ನೀ ಪೂರ್ತಿ ಬಿಟ್ಟಿದ್ದಕ್ಕ ಇನ್ನೂ ಸುಧಾರಿಸವಲ್ದು."

"ನಿನ್ನ ಲೆಕ್ಕ ಯಾವತ್ತರ ತಪ್ಪೇತೇನು?" ಎಂದ ಫಕೀರಪ್ಪ. ಆ ಮಾತಿಗೆ ನಾನು ಎಷ್ಟು ಉಬ್ಬಿದೆನೆಂದು ಈಗ ಹೇಳಲು ನಾಚಿಕೆಯಾಗುತ್ತದೆ.

ಔಷಧವೆಂದ ಮೇಲೆ ಔಷಧದ ಹಾಗೆಯೇ ಇರಲಿ ಎಂದು ಕೆಮ್ಮಿನ ಬಾಟ್ಲಿಯ ಮುಚ್ಚಳದಲ್ಲಿ ಅಳೆದು ಕೊಟ್ಟೆ. ಮೊದಲ ವಾರ ಎರಡು ಮುಚ್ಚಳ. ಎರಡನೇ ವಾರ ನಾಲ್ಕು. ಮೂರನೇ ವಾರ ಮುಚ್ಚಳ ಎಲ್ಲಿ ಬಿತ್ತೋ ಸಿಗಲಿಲ್ಲ, ಇಬ್ಬರೂ ಹುಡುಕಲೂ ಇಲ್ಲ. ಕಾಶವ್ವ ಒಂದು ದಿನ ಗಿರಣಿಯ ಬಾಗಿಲಿಗೆ ಬಂದು, ಅವರ ಎದೆ ಮತ್ತೆ ಯಾಕೋ ಎಡವುತ್ತಿದೆ, ಹಳೇ ರೋಗ ತಿರುಗಿ ಬಂತೋ ಏನೋ, ದೇವರಿಗೆ ಹರಕೆ ಹೊತ್ತಿದ್ದೇನೆ ಎಂದಳು. ನಾನು ಗಿರಣಿಯ ಸದ್ದಿನಲ್ಲಿ ನಿಂತಿದ್ದೆ. "ಸುಧಾರಿಸ್ತೈತಿ ತಂಗಿ, ಹೆದರಬ್ಯಾಡ" ಎಂದೆ. ನನ್ನ ಎದೆ ಆಗ ಏನೆಂದಿತೋ ಅವಳಿಗೆ ಕೇಳಲಿಲ್ಲ.

ನಾಲ್ಕನೇ ವಾರದ ಒಂದು ದಿನ, ಸಂಜೆ ನಾಲ್ಕರ ಚಹಾಕ್ಕೆಂದು ಮನೆಗೆ ಬಂದೆ. ನಾನು ಚಹಾಕ್ಕೆ ಹೋದಾಗ ಗಿರಣಿ ನೋಡಿಕೊಳ್ಳುವುದು ಫಕೀರಪ್ಪನ ರೂಢಿ. ನೀಲವ್ವ ಕನ್ನಡಕ ಹಾಕಿಕೊಂಡು ನನ್ನ ನೋಟ್‌ಬುಕ್ ಓದುತ್ತಿದ್ದಳು. ನಾನೇ ಅವಳ ಕಣ್ಣಿಗೆ ಬೀಳಲೆಂದು ದೇವರ ಜಗಲಿಯ ಪಕ್ಕದಲ್ಲಿಟ್ಟಿದ್ದೆ, ಮೂರು ವಾರದ ಮೇಲೆ ಇವತ್ತು ಕೈಗೆತ್ತಿಕೊಂಡಿದ್ದಳು. ಈಗ ಸೋಲೊಪ್ಪುತ್ತಾಳೆ ಎಂದು ಕಾಲು ಚಾಚಿ ಕೂತೆ.

"ಭಾಗಾಕಾರ ಬರೋಬರಿ ಐತ್ರಿ," ಎಂದಳು.

"ಮತ್ತ?"

"ಈ ಕುಡಿಯದವರ ಪಟ್ಟ್ಯಾಗ ಯಾರ್ಯಾರನ್ನ ಬರದೀರಿ ನೋಡೂಣು. ಕಮ್ಮಾರ ಈರಪ್ಪ. ಹೋದ ಮಳಿಗಾಲದಾಗ ದವಾಖಾನಿ ಸೇರಿದ ಮ್ಯಾಲೆ ಬಿಟ್ಟಾನ. ಅದಕ್ಕೂ ಮೊದಲ ಮೂವತ್ತು ವರ್ಷ ಅಂವ ಎಚ್ಚರ ಇದ್ದದ್ದ ನಾ ನೋಡಿಲ್ಲ. ಪೇಂಟರ್ ಹಸನಸಾಬ. ಡಾಕ್ಟರ್ ಬಾಯಾರು ಬೈದ ಮ್ಯಾಲೆ ಬಿಟ್ಟಾರ. ತುಂಗವ್ವಾಯಿ, ವಯಸ್ಸು ಎಂಬತ್ತಾರು. ಎದಿ ಬಡೀತೈತಲ್ಲ, ಅದ ದೊಡ್ಡದು. ಗುಡದಪ್ಪ, ಬರೀ ಗಂಜಿ ಕುಡಿದು ಬದುಕ್ಯಾನ, ಸೆರೆ ಎಲ್ಲಿಂದ ತಂದಾನು?" ಅವಳಿಗೆ ನಗು ಬರತೊಡಗಿತು. "ಇನ್ನ ಒಂದೆರಡು ಗ್ಲಾಸಿನವರು. ವಕೀಲರು, ಅರಿವಿ ಅಂಗಡಿ ಸಾವ್ಕಾರ್ರು, ಬ್ಯಾಂಕ್ ಮ್ಯಾನೇಜರ್ರು. ದಿನಾ ಮುಂಜಾನೆ ಕೆರಿ ಸುತ್ತ ನಡ್ಯಾಕ ಹೋಗೋರು, ತಿಂಗಳಾ ಡಾಕ್ಟರ್‌ಗೆ ತೋರ್ಸೋರು, ಹಣ್ಣು ತಿನ್ನೋರು. ಅವರ ಎದಿ ಚಲೋ ಇರಾಕ ಆ ಎರಡು ಗ್ಲಾಸ ಬೇಕಾಗೇತೇನ್ರಿ? ಎದಿ ಕೆಟ್ಟ ಮ್ಯಾಲೆ ಕುಡಿಯೋದು ಬಿಟ್ಟಾರ ಇವ್ರು. ನೀವು ಬಿಟ್ಟಿದ್ದಕ್ಕ ಕೆಟ್ಟೇತಿ ಅಂತ ಬರದೀರಿ. ಯಪ್ಪಾ ಶಿವನ, ಸಾಲ್ಯಾಗ ನಿಮಗ ಮೊದಲನೇ ನಂಬರ್ ಕೊಟ್ಟ ಮಾಸ್ತರ ಯಾರ್ರಿ?"

ನಾನು ಬಾಗಿ ಪಟ್ಟಿ ನೋಡಿದೆ. ಹತ್ತು ದಿನ ಊರೆಲ್ಲ ತಿರುಗಿ, "ಕುಡೀತೀರೇನು" ಎಂದು ಕೇಳಿದ್ದೆ. "ಯಾವಾಗ ಬಿಟ್ರಿ, ಯಾಕ ಬಿಟ್ರಿ" ಎಂದು ಒಬ್ಬರನ್ನೂ ಕೇಳಿರಲಿಲ್ಲ.

ನೀಲವ್ವನ ಬೆರಳು ಮುಂದಿನ ಹೆಸರಿನ ಮೇಲೆ ನಿಂತಿತು. ನಗು ನಿಂತಿತು.

"ಫಕೀರಪ್ಪಣ್ಣಾರ್ದೂ ಇದ ಪಟ್ಟ್ಯಾಗ ಐತಲ್ರೀ. ಇದನ್ನೇನ್ ಅವರಿಗೆ ಓದಿ ಹೇಳೀರೇನು?"

"ಇಲ್ಲ," ಎಂದೆ.

ಆ ಪುಟ್ಟ ಅಡುಗೆಮನೆಯಲ್ಲಿ ನನ್ನ ಎದೆ ಡೊಳ್ಳಿನಂತೆ ಬಡಿಯತೊಡಗಿತು. ನೀಲವ್ವ ಕನ್ನಡಕ ತೆಗೆದು ನನ್ನ ಮುಖ ನೋಡಿದಳು. "ಎಷ್ಟು ದಿನದಿಂದ?" ಎಂದಳು. ನಾನು ಚಪ್ಪಲಿ ಮೆಟ್ಟದೆ ಓಡಿದೆ.

ಐವತ್ತೈದರ ಹೊಟ್ಟೆ ಹೊತ್ತು, ಪಂಚೆ ಎತ್ತಿ ಕಟ್ಟಿ, ಪೇಟೆಯ ನಡುವೆ ಓಡಿದೆ. ನನ್ನ ಎದೆಯ ಸದ್ದಿಗೆ ಜನ ಅಂಗಡಿಯಿಂದ ಇಣುಕಿದರು. "ಏ ಮಾಂತಪ್ಪ, ನಿಂದ ತಪ್ಪಾಕತ್ತೈತಲೋ!" ಎಂದು ಯಾರೋ ಕೂಗಿದರು. ನಾನು ನಿಲ್ಲಲಿಲ್ಲ.

ಗಿರಣಿ ಭೋರೆನ್ನುತ್ತಿತ್ತು. ಫಕೀರಪ್ಪ ಚೀಲಗಳಿಗೆ ಒರಗಿ ಕೂತಿದ್ದ, ಕಣ್ಣು ಮುಚ್ಚಿತ್ತು, ಬಾಟ್ಲಿ ತೊಡೆಯ ಪಕ್ಕದಲ್ಲಿ ಉರುಳಿತ್ತು. ಕುಡಿದು ಮಲಗಿದ್ದಾನೋ, ಬೇರೆ ಏನೋ, ಆ ಸದ್ದಿನಲ್ಲಿ ಹೇಗೆ ತಿಳಿಯಬೇಕು? ಸ್ವಿಚ್ಚು ಕೆಳಗೆಳೆದೆ. ಕಲ್ಲು ಗರಗರ ತಿರುಗಿ, ನಿಧಾನವಾಗಿ ನಿಂತಿತು. ಆಗ ಕೇಳಿತು. ಢಬ್, ಢಬ್, ಢಬ್. ಗಟ್ಟಿಯಾಗಿ, ಗೋಡೆಗೆ ಬಡಿಯುವ ಹಾಗೆ.

"ಅಬ್ಬಾ, ಅದಾನಪ್ಪಾ!" ಎಂದು ಜೋರಾಗಿಯೇ ಅಂದೆ. ನಿಜವಾಗಿಯೂ ನಕ್ಕೆ. ಅವನ ಹತ್ತಿರ ಹೋದೆ. ಸದ್ದು ಜೋರಾಗಲಿಲ್ಲ. ನೀರು ತರಲೆಂದು ಬಾಗಿಲ ಹತ್ತಿರದ ಕೊಡದ ಕಡೆಗೆ ಹೋದೆ. ಸದ್ದು ಕಡಿಮೆಯಾಗಲೂ ಇಲ್ಲ. ನನ್ನ ಜೊತೆಗೇ ಬಂತು.

ಅದು ನನ್ನ ಎದೆ. ಆ ಕೋಣೆಯಲ್ಲಿ ಬಡಿಯುತ್ತಿದ್ದದ್ದು ಅದೊಂದೇ.

ಬಾಗಿಲಿಗೆ ಬಂದು "ತಪ್ಪೇತಿ!" ಎಂದು ಕೂಗಿದೆ. ಇಪ್ಪತ್ತು ವರ್ಷ ನನ್ನ ಗಿರಣಿಯಿಂದ ಬರೀ ಸದ್ದು ಕೇಳಿದ ಊರಿಗೆ ಮೊದಲ ಸಲ ಅಲ್ಲಿಂದ ಕೂಗು ಕೇಳಿತು. ಕುಂಬಾರರು ಕೈಮಣ್ಣಿನಲ್ಲೇ ಬಂದರು, ಹೆಂಗಸರು ಲಟ್ಟಣಿಗೆ ಹಿಡಿದುಕೊಂಡೇ ಬಂದರು. ಡಾಕ್ಟರ್ ಬಾಯಾರು ಯಾರದೋ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಬಂದಿಳಿದರು. ಎಲ್ಲರನ್ನೂ ಹದಿನೈದು ಹೆಜ್ಜೆ ಹಿಂದೆ ಸರಿಸಿ, ಫಕೀರಪ್ಪನ ಪಕ್ಕ ಮೊಣಕಾಲೂರಿ ಕಿವಿಗೊಟ್ಟರು. ನಾನು ಅವನ ಕೈ ಹಿಡಿದು ಅಲ್ಲೇ ಕೂತಿದ್ದೆ.

"ಮಾಂತಪ್ಪನವರ, ನೀವೂ ಹೊರಗ ನಡೀರಿ," ಎಂದರು ಬಾಯಾರು.

"ನಾ ಇರ್ತೇನ್ರಿ ಬಾಯಾರ, ಅಂವ ನನ್ನ ಗೆಳೆಯಾ."

"ನಿಮ್ಮ ಎದಿ ಸಪ್ಪಳದಾಗ ಇವರದು ಕೇಳವಲ್ದು. ದೂರ ಹೋಗ್ರಿ!"

ಹೋದೆ. ಬೇಲಿ ದಾಟಿ, ಹಳೆಯ ಬಾವಿಯ ಹತ್ತಿರ ನಿಂತೆ. ಒಳಗೆ ಬಾಯಾರು ಫಕೀರಪ್ಪನ ಎದೆಯನ್ನು ಎರಡೂ ಕೈಯಿಂದ ಒತ್ತುವುದು ಬಾಗಿಲಿನಿಂದ ಕಾಣುತ್ತಿತ್ತು. ಏನೂ ಕೇಳುತ್ತಿರಲಿಲ್ಲ, ನನ್ನದನ್ನು ಬಿಟ್ಟು. ಮಾಡಲು ಕೆಲಸವಿಲ್ಲದೆ ಅದನ್ನೇ ಎಣಿಸಿದೆ. ನೂರಾ ಹದಿನೆಂಟು ಮಂದಿಯ ಎದೆ ಎಣಿಸಿದವನು ನನ್ನದನ್ನು ಅಂದೇ ಮೊದಲು ಎಣಿಸಿದ್ದು. ಒಂಬತ್ತಕ್ಕೊಂದು ತಪ್ಪುತ್ತಿತ್ತು. ನೀಲವ್ವ ನನಗೆ ಹೆದರಿಕೆಯಾಗಬಾರದೆಂದು ಇಪ್ಪತ್ತು ಎಂದು ಹೇಳಿದ್ದಳೋ, ಈ ತಿಂಗಳಲ್ಲಿ ಇಷ್ಟಾಗಿತ್ತೋ, ನಾನು ಇಂದಿಗೂ ಕೇಳಿಲ್ಲ.

ಕಾಶವ್ವ ಓಡಿ ಬಂದಳು. ನನ್ನನ್ನು ಕಂಡು ನಿಂತಳು. ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾದೆ.

"ಎರಡು ವರ್ಷ ಆ ಎದಿ ಕಾಯ್ಕೊಂಡಿದ್ನಿ, ಮಾಂತಣ್ಣ," ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಒಳಗಿನಿಂದ "ಬಂತು, ಬಂತು!" ಎಂದು ಕೂಗು ಎದ್ದಿತು. ಜನ ಒಬ್ಬರಿಗೊಬ್ಬರು ಸುಮ್ಮನಿರಿ ಎಂದು ಸನ್ನೆ ಮಾಡುತ್ತ ಕಿವಿಗೊಟ್ಟರು. ನಾನು ಬಾವಿಕಟ್ಟೆಯ ಮೇಲೆ ಕೂತು ಅತ್ತೆ. ಹತ್ತಿರ ಹೋಗುವ ಧೈರ್ಯವಾಗಲಿಲ್ಲ, ಹೋದರೆ ಮತ್ತೆ ನನ್ನ ಸದ್ದೇ ಕೇಳೀತೆಂದು.

ಇದಾಗಿ ಎಂಟು ತಿಂಗಳು. ಗಿರಣಿಯಲ್ಲೀಗ ಬಾಟ್ಲಿ ಇಲ್ಲ, ಬರೀ ಹಿಟ್ಟು. ತಾಸಿಗೊಮ್ಮೆ ಐದು ನಿಮಿಷ ಕಲ್ಲು ನಿಲ್ಲಿಸಬೇಕೆಂದು ನೀಲವ್ವನ ಆಜ್ಞೆ, ಊರೂ ಅದಕ್ಕೆ ಹೂಂ ಎಂದಿದೆ. ಫಕೀರಪ್ಪನಿಂದ ಹೊಲಿಗೆ ಮಷಿನ್ ತುಳಿಯಲು ಆಗುವುದಿಲ್ಲ. ನನ್ನ ಗಿರಣಿಯ ಕಟ್ಟೆಯ ಮೇಲೆ ಕೂತು ಗುಂಡಿ ಹಚ್ಚುತ್ತಾನೆ, ಕಾಜಾ ಹೊಲಿಯುತ್ತಾನೆ. ಅವನ ಎದೆ ಎಷ್ಟು ಸಣ್ಣಗಾಗಿದೆಯೆಂದರೆ ಹನ್ನೆರಡು ಹೆಜ್ಜೆಯಲ್ಲ, ಪಕ್ಕದಲ್ಲಿ ಕೂತರೂ ಕೇಳುವುದಿಲ್ಲ. ಕಾಶವ್ವ ಅವನನ್ನು ಮುಂಜಾನೆ ಬಿಟ್ಟು, ಸಂಜೆ ಕರೆದುಕೊಂಡು ಹೋಗುತ್ತಾಳೆ. ನನ್ನೊಡನೆ ಮಾತಾಡುವುದಿಲ್ಲ. ಆದರೂ ಬಿಟ್ಟು ಹೋಗುತ್ತಾಳೆ.

ಮೊನ್ನೆ ಹೊಸದಾಗಿ ಬಂದ ಪೋಸ್ಟ್ ಮಾಸ್ತರ ಗಿರಣಿಗೆ ಬಂದ. ಕಂಕುಳಲ್ಲಿ ಒಂದು ನೋಟ್‌ಬುಕ್. ಕಲ್ಲು ನಿಂತಿದ್ದ ಹೊತ್ತು ಅದು. ಕಟ್ಟೆಯ ಮೇಲೆ ಕೂತು, ಗಡಿಯಾರ ನೋಡಿ, ಎರಡು ನಿಮಿಷ ನನ್ನ ಎದೆ ಎಣಿಸಿದ. ಅವನ ಎದೆಯೂ ನನಗೆ ಕೇಳುತ್ತಿತ್ತು, ಹಿಂದಿನ ಸಂಜೆ ಕುಡಿದದ್ದು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಕಾಕಾ, ನೀವು ಕುಡೀತೀರೇನ್ರಿ?"

"ಇಲ್ಲ."

ನನ್ನ ಎದೆ ಓಡಲಿಲ್ಲ. ಅವನ ಮುಖ ಅರಳಿತು. "ಕುಡಿಯದವರು. ಎದಿ ಕೆಟ್ಟದ್ದು," ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಬರೆಯತೊಡಗಿದ. ಆ ಅರಳಿದ ಮುಖ ನನ್ನದೇ ಆಗಿತ್ತು. ನಾನು ಅವನ ಮಣಿಕಟ್ಟು ಹಿಡಿದೆ.

"ಬರೀಬ್ಯಾಡ್ರಿ ಮಾಸ್ತರ. ಯಾವಾಗ ಬಿಟ್ರಿ ಅಂತ ಕೇಳ್ರಿ. ಯಾಕ ಬಿಟ್ರಿ ಅಂತ ಕೇಳ್ರಿ."

ಅವನು ಗೊಂದಲದಿಂದ ನನ್ನನ್ನೂ ಫಕೀರಪ್ಪನನ್ನೂ ನೋಡಿದ. ಫಕೀರಪ್ಪ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು, ಬಾ ಎಂದು ಕೈ ಮಾಡಿ ಅವನನ್ನು ಹತ್ತಿರ ಕರೆದ. ಅವನ ತಲೆಯನ್ನು ಮೆಲ್ಲಗೆ ಬಗ್ಗಿಸಿ, ಕಿವಿಯನ್ನು ತನ್ನ ಎದೆಗೆ ಒತ್ತಿಕೊಂಡ. ಪೋಸ್ಟ್ ಮಾಸ್ತರ ಬಹಳ ಹೊತ್ತು ಹಾಗೇ ಇದ್ದ. ತಲೆ ಎತ್ತಿದಾಗ ಪೆನ್ನು ನೆಲದ ಮೇಲಿತ್ತು.

"ಇದು ಎಷ್ಟಕ್ಕೊಂದು ತಪ್ಪತೈತ್ರಿ ಕಾಕಾ?" ಎಂದ, ಸಣ್ಣ ದನಿಯಲ್ಲಿ.

ಫಕೀರಪ್ಪ ನನ್ನ ಕಡೆ ಕೈ ತೋರಿಸಿದ. "ಅವನ್ನ ಕೇಳು. ಲೆಕ್ಕಕ್ಕ ಅವನ ಮೊದಲಿಗ."

"ನಾಕಕ್ಕೊಂದು," ಎಂದೆ. ದಿನಾ ಸಂಜೆ ಕಾಶವ್ವ ಬರುವ ಮೊದಲು ಅವನ ಎದೆಗೆ ಕಿವಿಯಿಟ್ಟು ಎಣಿಸುತ್ತೇನೆ.